ಹದಗಾಲದ ಬೂಷ್ಟು

ನಮ್ಮೂರಿನಲ್ಲಿ ಗಾಂಜಾ ಸೊಪ್ಪು ಭರಣಿಗೆ ಬಿತ್ತೆಂದರೆ ಜನರ ಮಾತೆಲ್ಲ ಪ್ರಶ್ನೆಯಾಗುತ್ತದೆ. "ಊಟ ಆತೇನ್ರೀ?" ಎಂದರೆ "ಉಣ್ಣದ ಇರಾಕ ಆಗತೈತೇನ್ರೀ?" ಎನ್ನುತ್ತಾರೆ. "ಮಗಳು ಆರಾಮ ಅದಾಳ?" ಎಂದರೆ "ಯಾಕಿರಬಾರದು?" ಎನ್ನುತ್ತಾರೆ. ಪ್ರಶ್ನೆಯನ್ನು ಸುಳ್ಳೆಂದು ಹಿಡಿಯಲು ಸೊಪ್ಪಿಗೂ ಬರುವುದಿಲ್ಲ. ಉಳಿದ ಸುಳ್ಳನ್ನೆಲ್ಲ ಅದು ಹಿಡಿಯುತ್ತದೆ. ಭರಣಿ ಹದಕ್ಕಿಟ್ಟ ಮನೆಯಲ್ಲಿ ಯಾರಾದರೂ ಸುಳ್ಳಾಡಿದರೆ ಒಳಗಿನ ಮೊಗ್ಗಿಗೆಲ್ಲ ಬೂಷ್ಟು ಬರುತ್ತದೆ. ಮುಚ್ಚಳ ತೆರೆದಿರುವಾಗ ಆಡಿದ್ದಾದರೆ ಮರುದಿನ ಬೆಳಿಗ್ಗೆಗೇ ಬಂದಿರುತ್ತದೆ. ಮುಚ್ಚಿದ್ದರೆ ತುಸು ತಡವಾಗುತ್ತದೆ, ಅಷ್ಟೆ.

ಹಾಗಾಗಿ ಸೊಪ್ಪು ಹದಕ್ಕೆ ಬರುವ ಈ ಹದಗಾಲದಲ್ಲಿ ಊರ ಹೊರಗಿನ ಹಾಳು ಇಟ್ಟಿಗೆ ಬಟ್ಟಿಗೆ ಎಲ್ಲಿಲ್ಲದ ಕಳೆ ಬರುತ್ತದೆ. ಎಮ್ಮೆ ಮಾರುವವರು, ಹೆಣ್ಣು ನೋಡಲು ಬಂದವರು, ಹೆಂಡತಿಯ ಎದುರು ಬಾಯಿ ಕಟ್ಟಿಕೊಂಡು ಸಾಕಾದ ಗಂಡಸರು ಬಟ್ಟಿಯ ಹಿಂದೆ ಹೋಗಿ ಹೊಟ್ಟೆ ತುಂಬ ಸುಳ್ಳಾಡಿ, ಹಗುರಾಗಿ ಮರಳುತ್ತಾರೆ. ನಾನು ಓದಿದ ಸಂಜೆ ಶಾಲೆ ಒಬ್ಬರ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಆ ಮನೆಯವರ ಭರಣಿಗಳು ಇರುತ್ತಿದ್ದವು. ನಮ್ಮ ಮಾಸ್ತರರು ಹದಗಾಲ ಮುಗಿಯುವ ತನಕ ಇತಿಹಾಸದ ಪುಸ್ತಕ ಮುಟ್ಟದೆ ಬರೀ ಲೆಕ್ಕ ಕಲಿಸುತ್ತಿದ್ದರು.

ಇಂಥ ಊರಿನವರು ಸತ್ಯವಂತರಿರಬೇಕೆಂದು ಪರಸ್ಥಳದವರು ತಿಳಿಯುತ್ತಾರೆ. ತಿಳಿಯಲಿ ಪಾಪ. ನಮ್ಮವರು ಹದಗಾಲವನ್ನು ವರ್ಷವೆಲ್ಲ ಕಾಯುವ ಕಾರಣವೇ ಬೇರೆ. ಉಳಿದ ತಿಂಗಳುಗಳಲ್ಲಿ ಮರ್ಯಾದೆಗೆ ಅಂಜಿ ನುಂಗಿಕೊಂಡದ್ದನ್ನೆಲ್ಲ ಆಗ ಕಾರಿಕೊಳ್ಳಬಹುದು. "ನಿನ್ನ ಸೊಸೀ ಹಲ್ಲು ನೋಡಿದರ ನಮ್ಮ ಹಿತ್ತಲ ಬೇಲಿ ನೆನಪಾಗತೈತಿ. ಏನ್ ಮಾಡಲಿ ಯವ್ವಾ, ಮನ್ಯಾಗ ಭರಣಿ ಇಟ್ಟೀನಿ, ಖರೇನ ಹೇಳಬೇಕು." ಹೇಳಲೇಬೇಕೆಂದು ಸೊಪ್ಪು ಯಾರ ಮೇಲೂ ಆಣೆ ಇಟ್ಟಿಲ್ಲ. ಸುಮ್ಮನಿದ್ದವರ ಮನೆಯ ಭರಣಿ ಕೆಟ್ಟದ್ದು ನಮ್ಮೂರಿನಲ್ಲಿ ಇಲ್ಲವೇ ಇಲ್ಲ. ಆದರೆ ಸುಮ್ಮನಿರುವುದು ನಮ್ಮವರ ಮೈಗೆ ಒಗ್ಗದು. ಇನ್ನೂ ಒಂದು. ನಾನು ಇಷ್ಟು ಹದಗಾಲ ಕಂಡಿದ್ದೇನೆ, ಒಬ್ಬರ ಬಾಯಲ್ಲೂ ತಮ್ಮ ಬಗ್ಗೆ ಒಂದು ಸತ್ಯ ಬಂದದ್ದನ್ನು ಕೇಳಿಲ್ಲ. ಈ ಊರಿನ ಸತ್ಯಕ್ಕೆ ಎದುರುಮನೆಯ ವಿಳಾಸ ಮಾತ್ರ ಗೊತ್ತು.

ಪಕ್ಕದ ಮನೆಯ ರುದ್ರವ್ವ ಈ ವಿದ್ಯೆಯಲ್ಲಿ ಪಳಗಿದವಳು. ಹದಗಾಲ ಬಂತೆಂದರೆ ಮನೆಗೆಲಸವನ್ನು ಬೆಳಕು ಹರಿಯುವುದರೊಳಗೆ ಮುಗಿಸಿ, ಸೆರಗು ಸಿಗಿಸಿಕೊಂಡು ಓಣಿ ಹೊರಡುತ್ತಾಳೆ. "ಖರೇ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ" ಎಂಬುದು ಅವಳ ಮಂಗಳಾಚರಣೆ. ನನಗೆ 'ಸಾಲಿ ಚಂಪಕ್ಕ' ಎಂದು ಹೆಸರಿಟ್ಟವಳೂ ಅವಳೇ. ಮದುವೆಯಾದ ಮೇಲೆ, ಮೂವತ್ತು ದಾಟಿದ ಹೆಂಗಸು, ಸಂಜೆ ಸ್ಲೇಟು ಹಿಡಿದು ಹೋಗುವುದನ್ನು ಕಂಡು ಅವಳು ನಕ್ಕಷ್ಟು ಯಾವ ಬಯಲಾಟಕ್ಕೂ ನಕ್ಕಿರಲಿಕ್ಕಿಲ್ಲ. ನಾನು ಪರೀಕ್ಷೆ ಪಾಸಾದ ಸುದ್ದಿಯನ್ನು ಮಾಸ್ತರರು ನಮ್ಮ ಬಾಗಿಲಿಗೆ ಬಂದು, ನನಗೂ ನನ್ನ ಗಂಡ ಅಡಿವೆಪ್ಪನಿಗೂ ಹೇಳಿ ಹೋದರು. ಕೆಲದಿನಕ್ಕೇ ಅವರಿಗೆ ವರ್ಗವಾಯಿತು, ಶಾಲೆಯೂ ಮುಚ್ಚಿತು. ನಾನು ಪಾಸಾದದ್ದನ್ನು ಕಿವಿಯಾರೆ ಕೇಳಿದವನು ಊರಿನಲ್ಲಿ ಅಡಿವೆಪ್ಪ ಒಬ್ಬನೇ ಉಳಿದ. ಉಳಿದವರು ನನ್ನ ಮಾತು ನಂಬಬೇಕಿತ್ತು. ನಂಬಿದರೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ. ನನಗಿದ್ದ ಹೆಮ್ಮೆ ಅದೊಂದೇ. ಅದನ್ನು ಕೆದಕಿ ನೋಡುವ ಧೈರ್ಯ ನನಗಿರಲಿಲ್ಲ.

ಗುಡ್ಡದ ಇಳಿಜಾರಿನಲ್ಲಿ ಮನೆಗೊಂದು ಸೊಪ್ಪಿನ ಮಡಿ ಇದೆ. ನಮ್ಮ ಮಡಿಯ ಸೊಪ್ಪಿನ ಕೆಲಸ ನನ್ನದು. ಕೊಯ್ದ ಟೊಂಗೆಗಳನ್ನು ಹಿಂದಿನ ಕತ್ತಲ ಕೋಣೆಯಲ್ಲಿ ತಲೆಕೆಳಗಾಗಿ ನೇತು ಹಾಕಬೇಕು. ಬಿಸಿಲು ತಾಗಬಾರದು, ಆದರೆ ಗಾಳಿ ಆಡುತ್ತಿರಬೇಕು. ಬಾಗಿಲನ್ನು ಎಷ್ಟು ತೆರೆದಿಡಬೇಕೆಂಬುದೇ ಒಂದು ಚಿಂತೆ. ಅಗಲ ಎಲೆಗಳನ್ನು ಕತ್ತರಿಸಿ ಮೊಗ್ಗುಗಳನ್ನಷ್ಟೇ ಉಳಿಸಬೇಕು. ಸಣ್ಣ ಕಡ್ಡಿಯೊಂದನ್ನು ಬಗ್ಗಿಸಿದರೆ ಬಳುಕಬಾರದು, ಚಟ್ಟನೆ ಮುರಿಯಬೇಕು. ಆಗ ಭರಣಿಗೆ ತುಂಬುವುದು, ಅದೂ ಕಂಠದ ತನಕ ಅಲ್ಲ, ಮೇಲೆ ಒಂದು ಹಿಡಿ ಜಾಗ ಬಿಟ್ಟು. ಆಮೇಲೆ ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ಸೊಪ್ಪಿಗೆ ಉಸಿರು ಬಿಡಿಸಿ, ಕೈಯಾಡಿಸಿ, ಮೂಸಿ ನೋಡಿ, ಮತ್ತೆ ಮುಚ್ಚುವುದು. ಮೊದಲಿಗೆ ಹಸಿ ಹುಲ್ಲಿನ ವಾಸನೆ ಬರುತ್ತದೆ. ಬರಬರುತ್ತ ಅದು ಹೋಗಿ, ಒಣಗಿಸಿದ ನಿಂಬೆ ಸಿಪ್ಪೆ ಇಟ್ಟ ಬೆಲ್ಲದ ಗಡಿಗೆಯ ಹಾಗೆ ಗಮ್ಮೆನ್ನುತ್ತದೆ.

ನನಗೆ ಯಾವುದರಲ್ಲೂ ಒಮ್ಮೆಗೇ ನಂಬಿಕೆ ಹುಟ್ಟುವುದಿಲ್ಲ. ಒಂದು ಕಡ್ಡಿ ಚಟ್ಟನೆ ಮುರಿದರೆ ಅದೊಂದೇ ಒಣಗಿರಬಹುದೆಂದು ಇನ್ನೊಂದನ್ನು ಮುರಿಯುತ್ತೇನೆ. "ನೀ ಹಿಂಗ ಮುರಕೋತ ಕುಂತರ ಭರಣಿಗೆ ಹಾಕಾಕ ಏನೂ ಉಳಿಯಂಗಿಲ್ಲ ನೋಡು" ಎಂದು ಅಡಿವೆಪ್ಪ ನಗುತ್ತಾನೆ. ಮಾತಿನಲ್ಲೂ ಅದೇ ಪಾಡು. ಹದಗಾಲದಲ್ಲಿ ಯಾರಾದರೂ "ಆರಾಮ ಅದೀ?" ಎಂದರೆ ಊರ ಜನರ ಹಾಗೆ ತಿರುಗುಪ್ರಶ್ನೆ ಎಸೆಯಲು ಬಾರದೆ, "ತಲಿ ಒಂದೀಟು ನೋಯತೈತಿ, ಎಡಕ್ಕ, ಹೇಳೂವಷ್ಟೇನಿಲ್ಲ, ಇಲ್ಲ ಅಂದರ ಸ್ವಲ್ಪ ಐತಿ" ಎಂದು ತಡವರಿಸುತ್ತೇನೆ. ಕೇಳಿದವರು ಅಷ್ಟರಲ್ಲಿ ಓಣಿ ದಾಟಿರುತ್ತಾರೆ. ನಮ್ಮ ಭರಣಿಗೆ ಒಂದು ವರ್ಷವೂ ಬೂಷ್ಟು ಬಂದಿರಲಿಲ್ಲ. ಅದಕ್ಕೂ ನನಗೆ ಹೆದರಿಕೆಯೇ: ಎಲ್ಲೋ ಏನೋ ತಪ್ಪಿರಬೇಕು, ಇನ್ನೂ ಕಾಣಿಸಿಲ್ಲ ಎಂದು.

ಅಡಿವೆಪ್ಪ ಭರಣಿಗಳಿಗೆ ಮರದ ಮುಚ್ಚಳ ಮಾಡುತ್ತಾನೆ. ಅದು ಹೊಟ್ಟೆಪಾಡು. ಅವನ ಜೀವವಿರುವುದು ಏಕತಾರಿಯಲ್ಲಿ. ಗುಡ್ಡದ ಬುಡದಲ್ಲಿ ಊರೆಲ್ಲ ನಡೆದುಕೊಳ್ಳುವ ಅಜ್ಜನ ಗದ್ದುಗೆ ಇದೆ. ಹದಗಾಲದ ಕೊನೆಗೆ ಅಲ್ಲಿ ಬಾಯಿ ಬಿಡಿಸುವ ದಿನ ನಡೆಯುತ್ತದೆ. ಮನೆಮನೆಯವರೂ ತಮ್ಮ ಭರಣಿಗಳನ್ನೆಲ್ಲ ಹೊತ್ತು ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಮುಚ್ಚಳ ತೆಗೆಯುತ್ತಾರೆ. ಕಟ್ಟೆಯ ಹಿರಿಯ ಮೂಸಿ ನೋಡಿ ಒಪ್ಪಿದ ಸೊಪ್ಪಿನ ಮೊದಲ ಚಿಟಿಕೆ ಅಜ್ಜನ ಚಿಲುಮೆಗೆ ಹೋಗುತ್ತದೆ. ಅದಕ್ಕೂ ಮೊದಲು ಒಂದು ಪದ ಹಾಡಬೇಕು. ಆ ಮೊದಲ ಪದವನ್ನು ಹುಡುಗನಾಗಿದ್ದಾಗಿನಿಂದ ಹಾಡಿಕೊಂಡು ಬಂದವನು ಅಡಿವೆಪ್ಪ.

ಒಂದು ವರ್ಷ ಮಳೆಗಾಲದಲ್ಲಿ ಅವನಿಗೆ ಜ್ವರ ಬಂದು ಬಹಳ ದಿನ ಮಲಗಿದ. ಎದ್ದಾಗ ಎಲ್ಲವೂ ಸರಿಯಾಗಿತ್ತು, ದನಿ ಮಾತ್ರ ಹೋಗಿತ್ತು. ಮಾತಾಡಿದರೆ ಗೊತ್ತಾಗುತ್ತಿರಲಿಲ್ಲ. ಹಾಡಿದರೆ ಸೀಳಿದ ಬಿದಿರಿನಲ್ಲಿ ಗಾಳಿ ನುಗ್ಗಿದಂತೆ ಆಗುತ್ತಿತ್ತು. ಜ್ವರಕ್ಕೆ ಒಂದು ಕಿವಿಯೂ ಮಂದವಾಗಿದ್ದರಿಂದ ಅವನಿಗೆ ತನ್ನ ದನಿ ಸರಿಯಾಗಿ ಕೇಳುತ್ತಿರಲಿಲ್ಲ. ಏನೋ ಬದಲಾಗಿದೆ ಎಂಬ ಅನುಮಾನವಿತ್ತು, ಎಷ್ಟು ಎಂಬುದು ತಿಳಿದಿರಲಿಲ್ಲ.

ಹದಗಾಲ ಬರುತ್ತಲೇ ತಿಳಿಸಲು ಊರೇ ನಿಂತಿತ್ತು. "ಅಡಿವೆಪ್ಪಾ, ಖರೇ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ" ಎಂದು ರುದ್ರವ್ವ ಗೋಡೆಯ ಮೇಲಿಂದ ಇಣುಕಿದಳು. "ನೀ ಪದಾ ಎತ್ತಿದಿ ಅಂದರ ನಮ್ಮ ಎಮ್ಮಿ ಈ ಕಡೆ ತಿರುಗಿ ಒದರತೈತಿ. ತನ್ನ ಸತ್ತ ಕರಾ ಕರೀತೈತಿ ಅಂದ್ಕೊಂಡೈತೋ ಏನೋ." ಭಜನೆಯ ಜೊತೆಗಾರರು, ಇವನ ಹಿಂದೆ ಕೂತು ತಾಳ ಕುಟ್ಟಿಯೇ ತಲೆ ಬೆಳ್ಳಗೆ ಮಾಡಿಕೊಂಡವರು, ಇವನಿಗೆ ಸತ್ಯ ಹೇಳುವ ಪುಣ್ಯವನ್ನು ಒಬ್ಬೊಬ್ಬರಾಗಿ ಬಂದು ಕಟ್ಟಿಕೊಂಡು ಹೋದರು. ಕಟ್ಟೆಯ ಹಿರಿಯ ಸಂಗನಬಸಪ್ಪ ಮಾತ್ರ ದೊಡ್ಡ ಮನುಷ್ಯ, ನೇರ ಹೇಳಲಿಲ್ಲ. "ಮೊದಲ ಪದ ಈ ವರ್ಷ ಬ್ಯಾರೇದವರು ಹಾಡಿದರ ಚಂದ ಅಂತ ನಿನಗ ಅನಸೂದಿಲ್ಲೇನೋ?" ಎಂದು ಕೇಳಿ, ತನ್ನ ಭರಣಿಯನ್ನೂ ಗಾಂಭೀರ್ಯವನ್ನೂ ಒಟ್ಟಿಗೆ ಉಳಿಸಿಕೊಂಡ.

ಮರುದಿನ ಬೆಳಿಗ್ಗೆ ನಾನು ನಮ್ಮ ಎರಡೂ ಭರಣಿಗಳ ಮುಚ್ಚಳ ತೆಗೆದು, ಮಣಿಕಟ್ಟಿನ ತನಕ ಕೈಯಿಳಿಸಿ ಸೊಪ್ಪು ಮಗುಚುತ್ತಿದ್ದೆ. ಅಡಿವೆಪ್ಪ ಬಂದು ಹೊಸ್ತಿಲ ಮೇಲೆ ಕೂತ. ಏಕತಾರಿ ಮೀಟಿ ಇಡೀ ಪದವನ್ನು ಹಾಡಿದ. ನಡುವೆ ಎರಡು ಕಡೆ ದನಿ ಒಡೆದು ಬರೀ ಗಾಳಿ ಬಂತು. ರುದ್ರವ್ವನ ಎಮ್ಮೆ ನಿಜವಾಗಿಯೂ ಒದರಿತು.

"ಹೆಂಗಿತ್ತು?" ಎಂದ.

"ಹೆಂಗಿರಬೇಕಿತ್ತು?" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದದ್ದಕ್ಕೆ ನನಗೇ ನಾಚಿಕೆ. ಈ ಊರಿನ ಗಾಳಿ ಕುಡಿದವರಿಗೆ ಇಷ್ಟಾದರೂ ಅಂಟಿಕೊಂಡಿರುತ್ತದೆ. ಅವನಿಗೆ ಗೊತ್ತಾಯಿತು.

"ಪ್ರಶ್ನಿ ಬ್ಯಾಡ ಚಂಪೀ. ಪ್ರಶ್ನಿ ಕೇಳಿ ಕೇಳಿ ಸಾಕಾಗೈತಿ. ಊರ ಮಂದಿ ಎಲ್ಲಾ ಹೇಳ್ಯಾರ. ಅವರು ಹೇಳೂದು ಬ್ಯಾರೆ. ನೀ ಹೇಳು. ನೀ ಬ್ಯಾಡ ಅಂದರ ಇದನ್ನ ಮ್ಯಾಲ ಜಂತಿಗೆ ಕಟ್ಟಿಬಿಡ್ತೀನಿ, ಮತ್ತ ಇಳಸಂಗಿಲ್ಲ."

ಏಕತಾರಿಯನ್ನು ಅವನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ, ಜ್ವರ ಬಂದ ಕೂಸನ್ನು ಇಟ್ಟುಕೊಂಡ ಹಾಗೆ. ನನ್ನ ಕೈ ಇನ್ನೂ ಭರಣಿಯೊಳಗಿತ್ತು.

"ಚಂದಿತ್ತು" ಎಂದೆ.

"ಖರೇನ?"

"ಖರೇನ."

ಭರಣಿಗೊಂದರಂತೆ ಎರಡು ಸುಳ್ಳು. ಅವನು ತೆರೆದ ಬಾಯಿಯ ಭರಣಿಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕಡ್ಡಿಯನ್ನು ಎರಡೆರಡು ಸಲ ಮುರಿದು ನೋಡುವ ಹೆಂಗಸು ತೆರೆದ ಭರಣಿಯ ಮುಂದೆ ಸುಳ್ಳಾಡುತ್ತಾಳೆಯೇ? ಅವನ ಮುಖ ಬಿಚ್ಚಿಕೊಂಡಿತು. ಎದ್ದು ಹೋಗಿ, ಗೋಡೆಯಾಚೆಗೆ ಕೇಳುವ ಹಾಗೆ, "ಮೊದಲ ಪದ ನಾನ ಹಾಡಾಂವ" ಎಂದ. ಎಮ್ಮೆಗೆ ಹೇಳಿದನೋ ರುದ್ರವ್ವನಿಗೋ, ಗೊತ್ತಿಲ್ಲ.

ಮರುದಿನ ಎರಡೂ ಭರಣಿಗಳಲ್ಲಿ ಬೂಷ್ಟು ಬಂದಿತ್ತು. ಮುದುಕರ ಕಿವಿಯ ಕೂದಲಿನಂಥ ಬಿಳಿ ನವಿರು ಮೊಗ್ಗುಗಳ ತುಂಬ ಹಬ್ಬಿ, ನಿಂಬೆ ಸಿಪ್ಪೆಯ ಗಮ ಹೋಗಿ, ಒದ್ದೆ ಗೋಣಿಯ ವಾಸನೆ ಹೊಡೆಯುತ್ತಿತ್ತು. ಮುಚ್ಚಿ, ಮೇಲೆ ಕೌದಿ ಹೊದಿಸಿದೆ. ಅಡಿವೆಪ್ಪ ಮುಚ್ಚಳ ತೆಗೆಯಲು ಬಂದರೆ "ನೀ ಮುಟ್ಟಬ್ಯಾಡ" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಸುಳ್ಳಾಡಿದ್ದರೂ ಇನ್ನು ಕೆಡಲು ಅಲ್ಲಿ ಏನೂ ಇರಲಿಲ್ಲ, ಆದರೂ ನಾನು ನೋಡಿಕೊಂಡೇ ಮಾತಾಡಿದೆ. ಅಭ್ಯಾಸ.

ಕಟ್ಟೆಯ ಕಟ್ಟಳೆ ಹೀಗಿದೆ. ಯಾರ ಭರಣಿಗೆ ಬೂಷ್ಟು ಬಂದಿದೆಯೋ ಅವರು ಎದ್ದು ನಿಂತು, ಯಾವ ಸುಳ್ಳು, ಯಾರಿಗೆ ಹೇಳಿದ್ದು ಎಂಬುದನ್ನು ಎಲ್ಲರೆದುರು ಒಪ್ಪಿಸಬೇಕು. ಒಪ್ಪಿಸಿದರೆ ಸೊಪ್ಪನ್ನು ಬಟ್ಟಿಯ ಹತ್ತಿರ ಹೂಳಿಸಿ, ಮಡಿಯನ್ನು ಉಳಿಸುತ್ತಾರೆ. ಒಪ್ಪಿಸದಿದ್ದರೆ, ಅಥವಾ ಭರಣಿ ತಾರದೇ ಹೋದರೆ, ಗುಡ್ಡದ ಮಡಿ ಬೇರೆ ಮನೆಗೆ ಹೋಗುತ್ತದೆ. ಇದರಿಂದ ಮನಸ್ಸು ಶುದ್ಧವಾಗುತ್ತದೆಂದು ಸಂಗನಬಸಪ್ಪ ಪ್ರತಿವರ್ಷ ಹೇಳುತ್ತಾನೆ. ಶುದ್ಧವಾಗುವುದನ್ನು ನೋಡಲು ಜನ ಚಾಪೆ ಹಾಸಿ ಮುಂಚಿತವಾಗಿ ಜಾಗ ಹಿಡಿದಿರುತ್ತಾರೆ, ಮಡಿಲಲ್ಲಿ ಹುರಿಗಡಲೆ ಕಟ್ಟಿಕೊಂಡು.

ನಾನು ಮಾಡಬೇಕಾದ್ದು ಸ್ಪಷ್ಟವಿತ್ತು. ಎದ್ದು ನಿಂತು, ನನ್ನ ಗಂಡನ ಹಾಡು ಚೆನ್ನಾಗಿದೆ ಎಂದದ್ದು ಸುಳ್ಳು ಎನ್ನಬೇಕು. ಅವನು ಆಗಷ್ಟೇ ಹಾಡಿ ಮುಗಿಸಿ, ಏಕತಾರಿ ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂತಿರುತ್ತಾನೆ. ಊರು ಹುರಿಗಡಲೆ ತಿನ್ನುತ್ತಿರುತ್ತದೆ. ಬಾಯಿ ಮುಚ್ಚಿಕೊಂಡರೆ ಮಡಿ ಹೋಗುತ್ತದೆ. ಮಡಿ ಇಲ್ಲದವರ ಮನೆಯವರು ಕಟ್ಟೆ ಹತ್ತುವಂತಿಲ್ಲವಾದ್ದರಿಂದ ಹಾಡೂ ಹೋಗುತ್ತದೆ. ಎರಡು ದಾರಿಯನ್ನೂ ಮನಸ್ಸಿನಲ್ಲೇ ಸವೆಯುವಷ್ಟು ನಡೆದು ನೋಡಿದೆ. ಮೂರನೆಯದು ಹೊಳೆಯಲೇ ಇಲ್ಲ. ಬಾಯಿ ಬಿಡಿಸುವ ದಿನ ಭರಣಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಗೇ ಹೊರಟೆ.

ಅಡಿವೆಪ್ಪ ಮೊದಲ ಪದ ಹಾಡಿದ. ಮನೆಯಲ್ಲಿ ಹಾಡಿದ್ದಕ್ಕಿಂತ ಕೆಟ್ಟದಾಗಿ, ಎರಡು ಪಟ್ಟು ಜೋರಾಗಿ. ಹೆಂಗಸರ ಸಾಲಿನಲ್ಲಿ ಸೆರಗುಗಳು ಬಾಯಿಗೆ ಹೋದವು. "ಇದಕ್ಕ ಹಾಡು ಅಂತಾರೇನು?" ಎಂದು ಯಾರೋ ಹಿಂದಿನಿಂದ ಕೇಳಿದರು. ಅವನು ಅದನ್ನು ಕೇಳಿಸಿಕೊಂಡಿದ್ದರೂ ನಂಬುತ್ತಿರಲಿಲ್ಲ. ಹಾಡು ಮುಗಿಸಿ ನನ್ನ ಕಡೆಗೇ ನೋಡಿದ.

ಸಂಗನಬಸಪ್ಪ ಸಾಲು ಹಿಡಿದು ಬಗ್ಗುತ್ತ, ಮೂಸುತ್ತ, "ಹೂಂ" ಎನ್ನುತ್ತ ಬಂದ. ಎಲ್ಲ ಭರಣಿಗಳೂ ಹಸಿರಾಗಿ ಘಮಘಮಿಸುತ್ತಿದ್ದವು. ಸೊಸೆಯ ಹಲ್ಲು ಅಳೆದವರ, ಒಬ್ಬನ ದನಿಯನ್ನು ಎಮ್ಮೆಯ ಕರುವಿಗೆ ಹೋಲಿಸಿದವರ ಸೊಪ್ಪು ಎಷ್ಟು ಚೆನ್ನಾಗಿ ಹದಕ್ಕೆ ಬಂದಿತ್ತೆಂದರೆ, ಸೊಪ್ಪಿನ ನ್ಯಾಯದ ಬಗ್ಗೆ ನನಗೆ ಅಂದೇ ಅಸಹ್ಯ ಹುಟ್ಟಿತು. ನಮ್ಮ ಭರಣಿಯ ಹತ್ತಿರ ಬಂದವನು ಮೂಗನ್ನು ಹಿಂದಕ್ಕೆ ಎಳೆದುಕೊಂಡ. ಬಿಳಿ ಮೊಗ್ಗೊಂದನ್ನು ಎರಡು ಬೆರಳಲ್ಲಿ ಎತ್ತಿ ಜನರತ್ತ ತೋರಿಸಿದ.

"ಯಾರದಿದು?" ಎಂದ, ಗೊತ್ತಿದ್ದೂ.

"ನಮ್ಮದು" ಎಂದು ಎದ್ದು ನಿಂತೆ.

"ಸಾಲಿ ಚಂಪಕ್ಕಂದ?" ರುದ್ರವ್ವನ ದನಿಯಲ್ಲಿ ಸಕ್ಕರೆ ಹಂಚುವ ಸಂಭ್ರಮವಿತ್ತು.

"ಯಾವ ಸುಳ್ಳು? ಯಾರಿಗೆ ಹೇಳಿದ್ದಿ?"

ಅಡಿವೆಪ್ಪ ಬಿಳಿ ಮೊಗ್ಗನ್ನು ನೋಡಿದ, ಭರಣಿಯನ್ನು ನೋಡಿದ. ತಂತಿಯ ಮೇಲಿದ್ದ ಅವನ ಬೆರಳು ನಿಧಾನವಾಗಿ ಹಿಂದೆ ಸರಿಯುವುದು ನನಗೆ ಕಂಡಿತು. ಇನ್ನೊಂದು ಗಳಿಗೆ ಬಿಟ್ಟರೆ ಅವನೇ ಲೆಕ್ಕ ಕೂಡಿಸಿ ನೋಡಿಬಿಡುತ್ತಿದ್ದ.

"ಸಂಜೀ ಸಾಲಿ ಪರೀಕ್ಷಾ ಪಾಸಾಗೀನಿ ಅಂತ ಹೇಳಿದ್ದೆ" ಎಂದೆ. "ಎಲ್ಲಾರಿಗೂ ಹೇಳಿದ್ದೆ. ಈ ಹದಗಾಲದಾಗೂ ಹೇಳಿದೆ. ನಾ ಪಾಸಾಗಿಲ್ಲ. ಫೇಲಾಗೀನಿ."

ಆ ಮಾತು ಎಲ್ಲಿಂದ ಬಂತೋ ನನಗೆ ತಿಳಿಯದು. ಮನೆಯಲ್ಲಿ ಬೇರೇನೂ ಇಲ್ಲದವರು ತಾಳಿ ಬಿಚ್ಚಿ ಕೊಡುವ ಹಾಗೆ, ನನ್ನಲ್ಲಿ ಇದ್ದದ್ದನ್ನು ಕೊಟ್ಟೆ. ಯಾರಾದರೂ ನಂಬದೆ ಹೋದರೆ, ಯಾವ ವಿಷಯದಲ್ಲಿ ಫೇಲು ಎಂದು ಕೇಳಿದರೆ ಏನು ಹೇಳಲಿ ಎಂದು ಚಿಂತೆಯಾಯಿತು. ಇತಿಹಾಸ ಎನ್ನೋಣವೆಂದುಕೊಂಡೆ.

ಯಾರೂ ಕೇಳಲಿಲ್ಲ. ಅಷ್ಟು ಖುಷಿ ಅವರಿಗೆ.

"ನನಗ ಅವತ್ತ ಗೊತ್ತಿತ್ತು" ಎಂದು ರುದ್ರವ್ವ ಎದ್ದು ನಿಂತಳು. "ಮಾಸ್ತರ ಮಾರಿ ನೋಡೇ ತಿಳಕೊಂಡಿದ್ನಿ."

"ನನ್ನ ಮುಂದ ಮಾಸ್ತರರೇ ಬಾಯಿ ಬಿಟ್ಟು ಹೇಳಿದ್ರು" ಎಂದ ತಾಳದವನೊಬ್ಬ.

"ಫೇಲಾದ ದಿನ ಈಕಿ ಬಾವಿ ಕಟ್ಟೀ ಮ್ಯಾಲ ಕುಂತು ಅತ್ತದ್ದು ನಾನ ಕಂಡೀನಿ" ಎಂದಳು ಮತ್ತೊಬ್ಬಳು.

ಸಂಗನಬಸಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ನಮಗ ಮೊದಲಿಂದಲೂ ತಿಳದಿತ್ತು, ಹೆಣ್ಮಗಳು ಅಂತ ಸುಮ್ಮನಿದ್ವಿ" ಎಂದ. ಅವನ ಮೊಳಕಾಲ ಮುಂದೆ ಊರಿನ ಅಷ್ಟೂ ಭರಣಿಗಳು ಬಾಯಿ ತೆರೆದುಕೊಂಡು ಕೂತಿದ್ದವು. ನಡೆಯದೇ ಇದ್ದದ್ದು ಮೊದಲಿಂದಲೂ ತಿಳಿದಿದ್ದ ಆ ಜನ, ಒಬ್ಬರ ಮೇಲೊಬ್ಬರು ಬಿದ್ದು ಅದನ್ನೇ ಹೇಳುತ್ತ ಹೋದರು. ಒಂದು ಪ್ರಶ್ನೆಯೂ ಇರಲಿಲ್ಲ ಅವರ ಮಾತಿನಲ್ಲಿ.

ಅಡಿವೆಪ್ಪ ಏಕತಾರಿಯನ್ನು ಹೆಗಲಿಗೇರಿಸಿ, ನಮ್ಮ ಭರಣಿಗಳನ್ನು ತಾನೇ ಹೊತ್ತು, ಬಟ್ಟಿಯ ಹತ್ತಿರ ಸೊಪ್ಪನ್ನು ಹೂತು ಬಂದ. ಮಡಿ ಉಳಿಯಿತು.

ಮರುದಿನ ಬೆಳಿಗ್ಗೆ ಓಣಿ ಎಂದಿನಂತಿರಲಿಲ್ಲ. ರುದ್ರವ್ವ ಗೋಡೆಯ ಮೇಲಿಂದ ಇಣುಕಲಿಲ್ಲ. ಬಾಗಿಲುಗಳು ಮುಚ್ಚಿದ್ದವು, ಒಳಗೆ ಗಂಡ ಹೆಂಡಿರು ಪಿಸುಗುಡುವ ಸದ್ದು ಮಾತ್ರ ಬರುತ್ತಿತ್ತು. ಓಣಿಯುದ್ದಕ್ಕೂ ಒದ್ದೆ ಗೋಣಿಯ ವಾಸನೆ. ನಾನು ಖಾಲಿ ಭರಣಿ ತೊಳೆಯಲೆಂದು ಬಟ್ಟಿಯ ಆಚೆಯ ಹಳ್ಳಕ್ಕೆ ಹೋದಾಗ ರುದ್ರವ್ವ ಎದುರಾದಳು, ಸೆರಗಿನಡಿ ದೊಡ್ಡದೇನನ್ನೋ ಮುಚ್ಚಿ ಹಿಡಿದುಕೊಂಡು. ಅವಳ ಹಿಂದೆ ಸ್ವಲ್ಪ ದೂರದಲ್ಲಿ ತಾಳದವನು, ಅವನ ಹಿಂದೆ ಬುಟ್ಟಿ ಹೊತ್ತ ಸಂಗನಬಸಪ್ಪನ ಹೆಂಡತಿ.

"ಎಲ್ಲಿಗ್ ಹೊಂಟಿ ರುದ್ರಕ್ಕಾ?" ಎಂದೆ.

"ಎಲ್ಲಿಗೂ ಹೋಗಬಾರದೇನ?" ಎಂದು ಅವಳು ನೆಲ ನೋಡುತ್ತ ದಾಟಿ ಹೋದಳು.

ಬಟ್ಟಿಯ ಸುತ್ತ ಹೊಸ ಮಣ್ಣಿನ ಗುಪ್ಪೆಗಳು ಎದ್ದವು. ಪ್ರತಿಯೊಬ್ಬರೂ ತಮ್ಮ ಮನೆಯ ಸೊಪ್ಪೊಂದೇ ಕೆಟ್ಟಿದೆಯೆಂದು ತಿಳಿದು, ತಮ್ಮ ಯಾವ ಸುಳ್ಳಿಗೆ ಎಂದು ಒಳಗೊಳಗೇ ಹುಡುಕಿಕೊಳ್ಳುತ್ತಿದ್ದರು. ಹುಡುಕಿದವರಿಗೆ ಕೊರತೆಯೇನೂ ಆಗಿರಲಿಕ್ಕಿಲ್ಲ. ಸಾಲಿ ಚಂಪಕ್ಕನ ಬಗ್ಗೆ ಆಡಿದ ಮಾತು ಒಬ್ಬರಿಗೂ ನೆನಪಾಗಲಿಲ್ಲ. ಅದನ್ನು ಅವರು ಅಷ್ಟರಲ್ಲೇ ನಿಜವೆಂದು ನಂಬಿಬಿಟ್ಟಿದ್ದರು. ನನ್ನ ಒಂದು ಸುಳ್ಳಿಗೆ ಅಷ್ಟೂ ಭರಣಿ ಕೆಟ್ಟವೋ, ಅವರು ಆಡಿದ ಸುಳ್ಳಿಗೆ ಅವರವರದು ಕೆಟ್ಟಿತೋ, ಎಷ್ಟು ಯೋಚಿಸಿದರೂ ನನಗೆ ಬಗೆಹರಿಯದು. ಸಂಗನಬಸಪ್ಪ ಆ ವರ್ಷವಿಡೀ ಮೊಳಕಾಲು ನೋವಿಗೆ ಸೊಪ್ಪಿಲ್ಲದೆ ಬರೀ ಬೆಲ್ಲದ ಕಷಾಯ ಕುಡಿದ. ನನ್ನನ್ನು ಈಗ 'ಫೇಲು ಚಂಪಕ್ಕ' ಎನ್ನುತ್ತಾರೆ. ಹೆಸರು ಕರೆದಾಗಲೆಲ್ಲ ಎದೆ ಚುರ್ ಎನ್ನುತ್ತದೆ, ಓಗೊಡುತ್ತೇನೆ.

ಅಂದು ಭರಣಿ ತೊಳೆದು ಮನೆಗೆ ಬಂದಾಗ ಅಡಿವೆಪ್ಪ ಹೊಸ್ತಿಲ ಮೇಲೆ ಕೂತು ಏಕತಾರಿಯ ತಂತಿ ಬಿಗಿಯುತ್ತಿದ್ದ. ಏಕತಾರಿ ಜಂತಿಗೆ ಹೋಗಿರಲಿಲ್ಲ. ಖಾಲಿ ಭರಣಿಗಳನ್ನು ಬಿಸಿಲಿಗೆ ಬೋರಲು ಹಾಕಿದೆ. ಅವನು ಪದ ಎತ್ತಿದ. ದನಿ ಅದೇ ಎರಡು ಕಡೆ ಒಡೆಯಿತು. ಎಮ್ಮೆ ಒದರಿತು, ಗೋಡೆಯಾಚೆಯಿಂದ ಮನುಷ್ಯರ ಸದ್ದು ಬರಲಿಲ್ಲ.

"ಹೆಂಗಿತ್ತು?" ಎಂದ.

ಊರಿನಲ್ಲಿ ಇನ್ನು ಕೆಡಲು ಒಂದು ಮೊಗ್ಗೂ ಉಳಿದಿರಲಿಲ್ಲ. "ಚಂದಿತ್ತು" ಎಂದೆ.

ಅವನು ತಂತಿಯನ್ನು ಇನ್ನೊಂದು ಸುತ್ತು ಬಿಗಿದು, ಕಿವಿಯ ಹತ್ತಿರ ಹಿಡಿದು ಮೀಟಿ ನೋಡಿದ.

"ಸಂಜೀ ಸಾಲಿ ಪಾಸಾದಾಕಿ ಹೇಳ್ತಾಳಂದರ ಖರೇನ ಇರಬೇಕು" ಎಂದ.